ಕಾದಂಬರಿಯನ್ನು ಇದ್ದ ಹಾಗೇ ಯಾಕೆ ತೆಗೆಯಲ್ಲ?

‘ಪುಸ್ತಕ ಅಷ್ಟು ಚೆನ್ನಾಗಿದೆ, ಇದ್ದ ಹಾಗೇ ತೆಗೆದಿದ್ದರೆ ಸಾಕಿತ್ತಲ್ಲ, ಯಾಕೆ ಅಷ್ಟೊಂದು ಬದಲಾಯಿಸಿದರು?’ ಮಾರ್ಗರೆಟ್ ಆಟ್‌ವುಡ್ ಅವರ ‘ದಿ ಹ್ಯಾಂಡ್‌ಮೇಡ್ಸ್ ಟೇಲ್’ ಓದಿ, ಆಮೇಲೆ ಸರಣಿ ನೋಡಿದವರು ತಪ್ಪದೆ ಕೇಳುವ ಪ್ರಶ್ನೆ ಇದು. ಕಾದಂಬರಿ 1985ರದ್ದು. ಅಮೆರಿಕದಲ್ಲಿ ಗಿಲಿಯಡ್ ಎಂಬ ಧಾರ್ಮಿಕ ಸರ್ವಾಧಿಕಾರ ಬಂದಿದೆ. ಹೆರುವ ಶಕ್ತಿ ಉಳಿದಿರುವ ಹೆಂಗಸರನ್ನು ಕಮಾಂಡರ್‌ಗಳ, ಅಂದರೆ ಆಳುವ ಗಂಡಸರ ಮನೆಗೆ ಹಂಚಿ, ಅವರು ಹೆತ್ತ ಮಗುವನ್ನು ಮನೆಯೊಡತಿಗೆ ಕೊಡಿಸುತ್ತಾರೆ. ಇವರೇ ಹ್ಯಾಂಡ್‌ಮೇಡ್‌ಗಳು; ಅಂಥ ಒಬ್ಬಳು ತನ್ನ ಕಥೆ ತಾನೇ ಹೇಳುತ್ತಾಳೆ. ಬ್ರೂಸ್ ಮಿಲ್ಲರ್ ಇದನ್ನು ಅಮೆರಿಕದ ಸ್ಟ್ರೀಮಿಂಗ್ ತಾಣ ಹುಲುವಿಗಾಗಿ ಸರಣಿ ಮಾಡಿದರು. 2017ರಲ್ಲಿ ಶುರುವಾಗಿ ಆರು ಸೀಸನ್ ನಡೆದು 2025ರಲ್ಲಿ ಮುಗಿಯಿತು.

ನನ್ನ ಉತ್ತರ ಇಷ್ಟು: ಘಟನೆಗಳನ್ನು ಬದಲಾಯಿಸದೆ ವಿಧಿಯಿಲ್ಲ, ಬದಲಾಯಿಸಲಿ. ಕಥೆ ಹೇಳುವವಳಿಗೆ ಎಷ್ಟು ಗೊತ್ತು, ಎಷ್ಟು ಗೊತ್ತಿಲ್ಲ ಎಂಬುದನ್ನು ಮಾತ್ರ ಮುಟ್ಟಬಾರದು. ಆ ಪುಸ್ತಕದ ಭಯ ಇರುವುದು ಅಲ್ಲೇ.

ಮೊದಲು ಪುಟಗಳ ಲೆಕ್ಕ ನೋಡಿ. ಚಿತ್ರಕಥೆಯ ಒಂದು ಪುಟಕ್ಕೆ ತೆರೆಯ ಮೇಲೆ ಸುಮಾರು ಒಂದು ನಿಮಿಷ. ಸುಮಾರು 50 ನಿಮಿಷದ 10 ಕಂತು ಎಂದರೆ 500 ಪುಟ. ಕಾದಂಬರಿ ಇರುವುದೇ ಸುಮಾರು 300 ಪುಟ, ಅದರಲ್ಲೂ ಬಹುಪಾಲು ನೆನಪು ಮತ್ತು ಯೋಚನೆ. ‘ಈಗ’ ನಡೆಯುವುದು ಒಂದು ಕೋಣೆ, ಅಂಗಡಿಗೆ ಹೋಗಿ ಬರುವುದು, ಡಾಕ್ಟರ ತಪಾಸಣೆ, ತಿಂಗಳಿಗೊಮ್ಮೆಯ ‘ಸಮಾರಂಭ’ (ಅವಳನ್ನು ಬಸಿರು ಮಾಡಲು ಕಮಾಂಡರ್ ಕೂಡುವ ವಿಧಿ), ಒಂದು ಹೆರಿಗೆ, ಕಮಾಂಡರ್ ಜೊತೆ ಕದ್ದು ಆಡುವ ಪದ ಜೋಡಿಸುವ ಆಟ ಸ್ಕ್ರ್ಯಾಬಲ್, ಹೀಗೆ ಬೆರಳೆಣಿಕೆಯಷ್ಟು. ಸಿನಿಮಾ ಆದರೆ ಕತ್ತರಿಸಬೇಕು, ಸರಣಿ ಆದರೆ ತುಂಬಬೇಕು. ತುಂಬುವಾಗಲೇ ಎಡವುವುದು.

ಹಾಗಾಗಿ ರೂಪಾಂತರಕ್ಕೆ ಕೂತವರು ಮೊದಲ ಓದಿನಲ್ಲೇ ಮೂರು ಬಣ್ಣದಲ್ಲಿ ಗುರುತು ಹಾಕಿಕೊಳ್ಳುವುದು ಒಳ್ಳೆಯದು: ಈಗ ನಡೆಯುವುದಕ್ಕೆ ಒಂದು, ಹಿಂದೆ ನಡೆದದ್ದಕ್ಕೆ ಒಂದು, ಬರೀ ಅವಳ ಮನಸ್ಸಿನ ಮಾತಿಗೆ ಇನ್ನೊಂದು. ಮೊದಲ ಎರಡು ದೃಶ್ಯಗಳಾಗುತ್ತವೆ. ಕಷ್ಟ ಇರುವುದು ಮೂರನೆಯದರಲ್ಲಿ. ಉದಾಹರಣೆಗೆ, ಊಟದ ಜೊತೆ ಬಂದ ಬೆಣ್ಣೆ ತುಂಡನ್ನು ಅವಳು ಶೂ ತುದಿಯಲ್ಲಿ ಬಚ್ಚಿಟ್ಟು, ರಾತ್ರಿ ಮುಖಕ್ಕೆ ಕೈಗೆ ಸವರಿಕೊಳ್ಳುತ್ತಾಳೆ. ಹಾಗೇ ತೆಗೆದರೆ ಹೆಂಗಸೊಬ್ಬಳು ಬೆಣ್ಣೆ ಹಚ್ಚಿಕೊಂಡಳು, ಅಷ್ಟೇ. ಚರ್ಮ ಮೃದುವಾಗಿ ಇಟ್ಟುಕೊಂಡರೆ ಮುಂದೊಂದು ದಿನ ಯಾರಾದರೂ ಪ್ರೀತಿಯಿಂದ ಮುಟ್ಟಬಹುದು ಎಂಬ ನಂಬಿಕೆ ಕಾಣುವುದಿಲ್ಲ.

ಅದಕ್ಕೇ ಹಿನ್ನೆಲೆ ಧ್ವನಿ ಬೇಕಾಗುತ್ತದೆ. 1990ರಲ್ಲಿ ಫೋಲ್ಕರ್ ಶ್ಲೋನ್‌ಡಾರ್ಫ್ ಇದನ್ನೇ ಸಿನಿಮಾ ಮಾಡಿದಾಗ, ಚಿತ್ರಕಥೆಗೆ ನಾಟಕಕಾರ ಹೆರಾಲ್ಡ್ ಪಿಂಟರ್ ಹೆಸರಿದ್ದರೂ, ಹಿನ್ನೆಲೆ ಧ್ವನಿಯನ್ನು ಬಹುತೇಕ ಕೈಬಿಟ್ಟರು. ನಾಯಕಿ ಸುಮ್ಮನೆ ಎಲ್ಲ ಸಹಿಸುವವಳಂತೆ ಕಂಡಳು. ಸರಣಿ ಧ್ವನಿಯನ್ನು ವಾಪಸ್ ತಂದಿತು, ಬಳಸಿದ ರೀತಿಯೂ ಸರಿಯಿತ್ತು. ನಾಯಕಿಯ ಪಾತ್ರದ ಎಲಿಸಬೆತ್ ಮಾಸ್ ಮುಖ ತಗ್ಗಿಸಿ ಕಲಿಸಿಕೊಟ್ಟ ಮಾತು ಆಡುತ್ತಿರುವಾಗ ಒಳಗಿನ ದನಿ ಬೈಯುತ್ತಿರುತ್ತದೆ, ವ್ಯಂಗ್ಯ ಮಾಡುತ್ತಿರುತ್ತದೆ. ಇದಕ್ಕೊಂದು ಪರೀಕ್ಷೆ ಇದೆ. ಧ್ವನಿ ತೆಗೆದು ದೃಶ್ಯ ನೋಡಿ. ಮುಖವೂ ಅದನ್ನೇ ಹೇಳುತ್ತಿದ್ದರೆ ಆ ಸಾಲು ಹೊಡೆದುಹಾಕಿ. ಮುಖಕ್ಕೂ ದನಿಗೂ ತಾಳೆ ಬೀಳದಿದ್ದರೆ ಮಾತ್ರ ಉಳಿಸಿ.

ಇನ್ನು ದೃಷ್ಟಿಕೋನ. ಪುಸ್ತಕದಲ್ಲಿ ಗಂಡ ಬದುಕಿದ್ದಾನೋ ಇಲ್ಲವೋ ಅವಳಿಗೆ ಗೊತ್ತಿಲ್ಲ, ನಮಗೂ ಗೊತ್ತಾಗುವುದಿಲ್ಲ. ಸರಣಿಯ ಮೊದಲ ಸೀಸನ್‌ನ ಏಳನೇ ಕಂತು ಪೂರ್ತಿ ಗಂಡನದೇ ಕಥೆ; ಅವನು ಕೆನಡಾದಲ್ಲಿ ಕ್ಷೇಮವಾಗಿದ್ದಾನೆ. ಆ ಒಂದು ಗಂಟೆಯಲ್ಲಿ ಕಾದಂಬರಿಯ ದೊಡ್ಡ ಸಂಕಟ ಕರಗಿಹೋಯಿತು ಎಂಬುದು ನನ್ನ ಅಭಿಪ್ರಾಯ. ಒಡತಿ ಸೆರೀನಾಳ ಹಿಂದಿನ ಬದುಕು ತೋರಿಸಿದ್ದು ಮಾತ್ರ ಗೆದ್ದಿತು, ಏಕೆಂದರೆ ತಾನೇ ಬರೆದು, ವಾದಿಸಿ, ಕಟ್ಟಿದ ವ್ಯವಸ್ಥೆಯಲ್ಲಿ ತನಗೇ ಓದುವ ಹಕ್ಕಿಲ್ಲದ ಹೆಂಗಸಿನ ವಿಷಯ ಪುಸ್ತಕದಲ್ಲೇ ಬೀಜವಾಗಿ ಇತ್ತು. ಹೊಸ ದೃಶ್ಯ ಬೇಕಾದರೆ ಇಂಥ ಕಡೆ ಅಗೆಯಬೇಕು.

ಹಿಂಸೆಯನ್ನು ತೋರಿಸುವುದು ಇನ್ನೂ ನಾಜೂಕು. ‘ಸಮಾರಂಭ’ ಎಂದರೆ ಕಾನೂನು ಒಪ್ಪಿದ ಅತ್ಯಾಚಾರ. ಪುಸ್ತಕ ಅದನ್ನು ತಣ್ಣಗೆ, ದೂರ ನಿಂತು ವರ್ಣಿಸುತ್ತದೆ. ಕ್ಯಾಮೆರಾಗೆ ದೂರ ನಿಲ್ಲುವುದೆಂದರೆ ಮೈ ಪೂರ್ತಿ ಕಾಣುವುದು, ಅಂದರೆ ಕಮಾಂಡರ್ ನೋಡುವಂತೆ ನೋಡುವುದು. ಮೊದಲ ಮೂರು ಕಂತು ನಿರ್ದೇಶಿಸಿದ ರೀಡ್ ಮೊರಾನೊ ಕ್ಯಾಮೆರಾವನ್ನು ಮುಖದ ತೀರಾ ಹತ್ತಿರ ತಂದು, ಸುತ್ತಲಿನದನ್ನು ಮಸುಕಾಗಿಸಿದರು. ಹ್ಯಾಂಡ್‌ಮೇಡ್‌ಗಳು ತೊಡಬೇಕಾದ, ಎರಡೂ ಬದಿಗೆ ಚಾಚಿದ ಬಿಳಿ ಟೋಪಿಯಿಂದಾಗಿ ಪಕ್ಕದಿಂದ ತೆಗೆದರೆ ಮುಖವೇ ಕಾಣದು, ಎದುರಿಗೇ ಹೋಗಬೇಕು. ಉಡುಪಿನ ಅಡಚಣೆಯೇ ಶೈಲಿಯಾಯಿತು. ಎರಡನೇ ಸೀಸನ್‌ ಶುರುವಾಗುವುದು ಹೆಂಗಸರನ್ನೆಲ್ಲ ಬೋಸ್ಟನ್ನಿನ ಫೆನ್‌ವೇ ಪಾರ್ಕ್ ಕ್ರೀಡಾಂಗಣಕ್ಕೆ ತಂದು ಕೊರಳಿಗೆ ನೇಣು ಹಾಕಿ ಹೆದರಿಸುವ ದೃಶ್ಯದಿಂದ. ಅಲ್ಲಿಂದ ಸಂಕಟವೇ ಸರಕಾಗುತ್ತಿದೆ ಎಂಬ ದೂರು ಎದ್ದಿತು. ದೂರು ನ್ಯಾಯವಾದದ್ದೇ.

ಬಣ್ಣದ ಪ್ರಶ್ನೆಯಲ್ಲೂ ಹೀಗೇ ಅರ್ಧ ಕೆಲಸವಾಯಿತು. ಕಾದಂಬರಿಯ ಗಿಲಿಯಡ್ ಕರಿಯರನ್ನು ಬೇರೆಡೆಗೆ ಸಾಗಿಸಿಬಿಟ್ಟಿರುತ್ತದೆ. ಸರಣಿಯಲ್ಲಿ ಗಂಡನೂ ಗೆಳತಿ ಮೊಯ್ರಾಳೂ ಕರಿಯರು. ನಟರ ಆಯ್ಕೆ ಒಳ್ಳೆಯದೇ, ಆದರೆ ಅಂಥ ರಾಜ್ಯದಲ್ಲಿ ಬಣ್ಣ ಲೆಕ್ಕಕ್ಕೇ ಬರುವುದಿಲ್ಲ ಎಂದರೆ ನಂಬುವುದು ಕಷ್ಟ. ಒಂದು ಇಟ್ಟಿಗೆ ಬದಲಾಯಿಸಿದರೆ ಅದರ ಮೇಲಿನ ಸಾಲನ್ನೂ ಸರಿಮಾಡಬೇಕು.

ನಮ್ಮ ಹತ್ತಿರದ ಉದಾಹರಣೆ ನೆಟ್‌ಫ್ಲಿಕ್ಸ್‌ನ ‘ಲೈಲಾ’, 2019, ಆರು ಕಂತು. ದೀಪಾ ಮೆಹ್ತಾ ಜೊತೆ ನಮ್ಮ ಪವನ್ ಕುಮಾರ್ ಕೂಡ ಕೆಲವು ಕಂತು ನಿರ್ದೇಶಿಸಿದರು. ಮೂಲ ಪ್ರಯಾಗ್ ಅಕ್ಬರ್ ಅವರ ಕಾದಂಬರಿ. ಅದರಲ್ಲಿ ತಾಯಿ ಮಗಳನ್ನು ಕಳೆದುಕೊಂಡು 16 ವರ್ಷವಾಗಿದೆ. ಆ ಕಾಯುವಿಕೆಯ ಭಾರವೇ ಪುಸ್ತಕ. ಸರಣಿ ಕಾಲವನ್ನು ಕುಗ್ಗಿಸಿ ಓಟ ಹೆಚ್ಚಿಸಿತು, ಉತ್ತರ ಕೊಡದೆ ಅರ್ಧಕ್ಕೇ ನಿಂತಿತು.

ಆಟ್‌ವುಡ್ ಅವರ ಕಾದಂಬರಿಗೆ ಒಂದು ಅನುಬಂಧ ಇದೆ: ಗಿಲಿಯಡ್ ಬಿದ್ದುಹೋದ ಎಷ್ಟೋ ಕಾಲದ ಮೇಲೆ, 2195ರಲ್ಲಿ ವಿದ್ವಾಂಸರ ಸಭೆ. ಇವಳ ಕಥೆ ಸಿಕ್ಕಿದ್ದು ಸುಮಾರು 30 ಕ್ಯಾಸೆಟ್‌ಗಳಲ್ಲಿ ಎಂದು ಪ್ರೊಫೆಸರೊಬ್ಬ ನಗೆಚಟಾಕಿ ಹಾರಿಸುತ್ತ ವಿವರಿಸುತ್ತಾನೆ, ಅವಳಿಗಿಂತ ಕಮಾಂಡರ್ ಯಾರಿರಬಹುದು ಎಂಬುದರಲ್ಲೇ ಅವನಿಗೆ ಆಸಕ್ತಿ. ಒಂದು ಸಭಾಂಗಣ, ಒಬ್ಬ ನಟ, ಹತ್ತು ನಿಮಿಷ, ಖರ್ಚೂ ಕಡಿಮೆ. ಆದರೂ ಮೊದಲ ಸೀಸನ್ ಅವಳು ವ್ಯಾನ್ ಹತ್ತುವಲ್ಲಿಗೇ ನಿಂತಿತು. ಗಿಲಿಯಡ್ ಬಿದ್ದುಹೋಯಿತು ಎಂದು ಅಲ್ಲೇ ಹೇಳಿಬಿಟ್ಟರೆ ಎರಡನೇ ಸೀಸನ್‌ಗೆ ಕಾಯುವವರು ಯಾರು?