ಸುಟ್ಟ ಬೇಲಿಗೆ ಮುಕ್ಕಾಲು ಖರ್ಚು ಸರ್ಕಾರದ್ದು, ಆದರೆ ಮೊದಲು ಅರ್ಜಿ

ಅಮೆರಿಕದಲ್ಲಿ ಬೆಂಕಿಯೋ ನೆರೆಯೋ ಬಂದರೆ ರೈತರಿಗೆ ಸರ್ಕಾರ ಕೈತುಂಬಾ ದುಡ್ಡು ಕೊಡುತ್ತದಂತೆ ಎಂಬ ಮಾತು ಊರ ಕಡೆ ಇದೆ. ಕೊಡುವುದು ನಿಜ. ಆದರೆ ಅದು ನಮ್ಮ ಬೆಳೆಹಾನಿ ಪರಿಹಾರದ ಹಾಗೆ ಹೆಕ್ಟೇರಿಗೆ ಇಷ್ಟೆಂದು ಖಾತೆಗೆ ಬೀಳುವ ಹಣವಲ್ಲ. ಎಮರ್ಜೆನ್ಸಿ ಕನ್ಸರ್ವೇಶನ್ ಪ್ರೋಗ್ರಾಂ, ರೈತರ ಬಾಯಲ್ಲಿ ಇಸಿಪಿ, ಕೆಟ್ಟ ಜಮೀನನ್ನು ರಿಪೇರಿ ಮಾಡಿದ ಖರ್ಚಿನಲ್ಲಿ ಪಾಲು ಕೊಡುತ್ತದೆ. ಹೋದ ಬೆಳೆಗೆ, ಸತ್ತ ದನಕ್ಕೆ ಇದರಲ್ಲಿ ಬಿಡಿಗಾಸೂ ಇಲ್ಲ; ಅವಕ್ಕೆ ಬೇರೆ ಯೋಜನೆಗಳಿವೆ.

ಕಾನ್ಸಸ್ ರಾಜ್ಯದ ಕ್ಲಾರ್ಕ್ ಕೌಂಟಿಯನ್ನೇ ನೋಡಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆ). 2017ರ ಮಾರ್ಚ್‌ನಲ್ಲಿ ಒಕ್ಲಹೋಮಾ ಕಡೆಯಿಂದ ನುಗ್ಗಿದ ಸ್ಟಾರ್‌ಬಕ್ ಕಾಡ್ಗಿಚ್ಚು ಅಲ್ಲಿನ ಬಹುಪಾಲು ಹುಲ್ಲುಗಾವಲನ್ನು ನುಂಗಿತು. ಮಳೆ ಬಿದ್ದರೆ ಹುಲ್ಲು ಚಿಗುರೀತು, ಬೇಲಿ ಚಿಗುರುವುದಿಲ್ಲ. ಮೂಲೆಯ ಮರದ ಕಂಬಗಳು ಬುಡದಲ್ಲೇ ಸುಟ್ಟು ಉರುಳುತ್ತವೆ. ಕಬ್ಬಿಣದ ಕಂಬ ನಿಂತಿರಬಹುದು, ಮುಳ್ಳುತಂತಿಯೂ ದೂರದಿಂದ ನೆಟ್ಟಗೇ ಕಾಣುತ್ತದೆ. ಆದರೆ ಬೆಂಕಿಯ ಕಾವು ಜೋರಾಗಿದ್ದರೆ ಮೇಲಿನ ಸತುವಿನ ಲೇಪ ಹೋಗಿ, ತಂತಿಯ ಹದ ಕೆಟ್ಟಿರಬಹುದು. ಅಂಥ ತಂತಿ ಎಳೆದು ಬಿಗಿದರೆ ನಿಲ್ಲಲಿಕ್ಕಿಲ್ಲ, ಹಾಗೇ ಬಿಟ್ಟರೆ ಬೇಗ ತುಕ್ಕು ಹಿಡಿಯುತ್ತದೆ. ಆಗ ಹೊಸ ತಂತಿಯೇ ಗತಿ.

ಇಲ್ಲೇ ಹೆಚ್ಚಿನವರು ಎಡವುವುದು. ದನ ರಸ್ತೆಗೆ ಬರುತ್ತವೆಂದು ಮರುದಿನವೇ ಬೇಲಿ ಕಟ್ಟಿಸಿ, ಆಮೇಲೆ ಬಿಲ್ಲು ಹಿಡಿದು ಹೋದರೆ ಸಾಮಾನ್ಯವಾಗಿ ಹಣ ಸಿಗುವುದಿಲ್ಲ. ಮೊದಲು ಅಮೆರಿಕ ಕೃಷಿ ಇಲಾಖೆಯ ಫಾರ್ಮ್ ಸರ್ವಿಸ್ ಏಜೆನ್ಸಿಯ ಕೌಂಟಿ ಕಚೇರಿಯಲ್ಲಿ ಅರ್ಜಿ, ನಮೂನೆ ಎಫ್‌ಎಸ್‌ಎ-848. ನಂತರ ಹಾನಿಯ ಪರಿಶೀಲನೆ, ಪರಿಸರ ಪರಿಶೀಲನೆ, ಕೌಂಟಿ ಕಮಿಟಿಯ ಮಂಜೂರಾತಿ. ಅದಾದ ಮೇಲೆ ಕೆಲಸ. ವಿಶೇಷ ವಿನಾಯಿತಿ ಪ್ರಕಟವಾಗಿದ್ದರೆ ಮಾತ್ರ ಬೇರೆ ಮಾತು. ಅರ್ಜಿಗೆ ಮುಂಚೆ ಫೋಟೊ ತೆಗೆದಿಟ್ಟುಕೊಳ್ಳುವುದು ಜಾಣತನ. ಬೇಲಿ ಹಳೆಯ ಸಾಲಿನಲ್ಲೇ ಬರಲಿ. ಜಾಗ ಬದಲಿಸಿ ಬುಲ್‌ಡೋಜರ್ ಓಡಿಸುತ್ತೇನೆಂದರೆ ಪರಿಸರ ಪರಿಶೀಲನೆ ಎಳೆಯುತ್ತಾ ಹೋಗುತ್ತದೆ. ಕಮಿಟಿಯಲ್ಲಿ ಇರುವವರು ಅಲ್ಲಿನ ರೈತರೇ ಆರಿಸಿದ ರೈತರು. ಬೇಲಿ ಗೊತ್ತಿದ್ದವರು ಬೇಲಿಯ ಅರ್ಜಿ ನೋಡುವುದು ಈ ವ್ಯವಸ್ಥೆಯಲ್ಲಿ ನನಗೆ ಮೆಚ್ಚುಗೆಯಾದ ಸಂಗತಿ.

ಹಣದ ಲೆಕ್ಕ ಹೀಗೆ. ಸರ್ಕಾರದ ಪಾಲು ಗರಿಷ್ಠ ಶೇ 75. ಹೊಸದಾಗಿ ಕೃಷಿಗಿಳಿದವರಿಗೆ, ಕಡಿಮೆ ಆದಾಯದವರಿಗೆ ಶೇ 90ರವರೆಗೆ. ಆದರೆ ಎಷ್ಟರ ಶೇ 75? ಸರ್ಕಾರ ಒಪ್ಪಿದ ಖರ್ಚಿನದು ಮಾತ್ರ. ನಿಗದಿಯಾದ ದರಕ್ಕಿಂತ ದುಬಾರಿ ಬೇಲಿ ಕಟ್ಟಿದರೆ ಹೆಚ್ಚುವರಿ ಹಣ ನಿಮ್ಮ ಜೇಬಿನದೇ. ಒಂದು ಮೈಲಿಗೆ 5,280 ಅಡಿ. ಉದಾಹರಣೆಗೆ ಅಡಿಗೆ 2 ಡಾಲರ್ ಒಪ್ಪಿತ ದರವೆಂದುಕೊಳ್ಳಿ: ಒಟ್ಟು 10,560 ಡಾಲರ್, ಸರ್ಕಾರದ್ದು 7,920, ರೈತನದು 2,640. ಒಂದು ವಿಪತ್ತಿಗೆ ಒಬ್ಬರಿಗೆ 5 ಲಕ್ಷ ಡಾಲರ್ ಮಿತಿ. 2018ರ ಕೃಷಿ ಕಾಯ್ದೆಗೆ ಮೊದಲು ಇದು 2 ಲಕ್ಷವಿತ್ತು. ಹಾನಿಯಾದ ಜಮೀನಿನ ಕೃಷಿ ಬೆಲೆಯ ಅರ್ಧಕ್ಕಿಂತ ಹೆಚ್ಚೂ ಸಿಗದು.

ಅದೇ ಕಾಯ್ದೆ ಬೇಲಿಗೆ ಸರ್ಕಾರದ ಪಾಲಿನಲ್ಲಿ ಶೇ 25ರವರೆಗೆ ಮುಂಗಡಕ್ಕೂ ದಾರಿ ಮಾಡಿತು. ಕೈಗೆ ಬಂದ 60 ದಿನಗಳಲ್ಲಿ ಅದನ್ನು ಖರ್ಚು ಮಾಡಬೇಕು, ಇಲ್ಲವೇ ವಾಪಸ್. ತಂತಿ, ಕಂಬಕ್ಕೆ ಸುತ್ತಲಿನವರೆಲ್ಲ ಒಟ್ಟಿಗೇ ಮುಗಿಬಿದ್ದಿರುವಾಗ 60 ದಿನ ಬಹಳವೇನಲ್ಲ. ಸರಕು ಯಾವಾಗ ಬರುತ್ತದೆಂದು ಕೇಳಿಕೊಂಡೇ ಮುಂಗಡಕ್ಕೆ ಕೈಹಾಕಬೇಕು.

ಕೊನೆಯ ಕಂತಿಗೆ ನಮೂನೆ 848ಬಿ, ಜೊತೆಗೆ ರಸೀದಿಗಳು. ಸ್ವಂತ ದುಡಿಮೆ, ಸ್ವಂತ ಟ್ರ್ಯಾಕ್ಟರಿನ ಗಂಟೆಗಳೂ ಲೆಕ್ಕಕ್ಕೆ ಬರುತ್ತವೆ. ಅವನ್ನು ತಿಂಗಳಾದ ಮೇಲೆ ನೆನಪಿನಿಂದ ಬರೆಯದೆ, ದಿನಾಂಕ, ಗಂಟೆ, ಮಾಡಿದ ಕೆಲಸ ಎಲ್ಲವನ್ನೂ ಅಂದಂದೇ ಪುಸ್ತಕದಲ್ಲಿ ಬರೆದಿಡಬೇಕು.