ಪೇಟೆ ಬೀದಿಯ ದುಡ್ಡು, ಪಾತ್ರೆ ಅಂಗಡಿಯ ಮೆಟ್ಟಿಲು

ಕೇಂದ್ರ ಸರ್ಕಾರದ ಸ್ಮಾರ್ಟ್ ಸಿಟಿ ಯೋಜನೆಯ ಕಾಮಗಾರಿಗಳಿಗೆ ಡಿಪಿಆರ್, ಅಂದರೆ ವಿವರವಾದ ಯೋಜನಾ ವರದಿ, ತಯಾರಿಸುವ ಒಂದು ತಂಡದಲ್ಲಿ ನಾನು ನಾಲ್ಕು ವರ್ಷ ಇಂಜಿನಿಯರ್ ಆಗಿದ್ದೆ. ಕರ್ನಾಟಕದಲ್ಲಿ ಆ ಯೋಜನೆ ಸಿಕ್ಕಿದ್ದು ಏಳು ಕಡೆ: ಬೆಳಗಾವಿ, ದಾವಣಗೆರೆ, ಮಂಗಳೂರು, ಶಿವಮೊಗ್ಗ, ತುಮಕೂರು, ಹುಬ್ಬಳ್ಳಿ-ಧಾರವಾಡ, ಆಮೇಲೆ ಬೆಂಗಳೂರು. ಅವುಗಳಲ್ಲಿ ಒಂದು ಊರಿನ ಹಳೇ ಪೇಟೆ ಬೀದಿ ನಮ್ಮ ತಂಡಕ್ಕೆ ಬಂತು. ಸುಮಾರು 600 ಮೀಟರ್ ಉದ್ದ. ಎರಡೂ ಕಡೆ ಬಟ್ಟೆ, ಪಾತ್ರೆ, ಬಂಗಾರದ ಅಂಗಡಿಗಳು. ಅಂಚಿನಲ್ಲಿ ಹೂವು, ಬಳೆ, ನಿಂಬೆಹಣ್ಣು ಮಾರುವವರು.

ಅಂಗಡಿಯವರ ಸಭೆ ಒಂದು ಕಲ್ಯಾಣ ಮಂಟಪದಲ್ಲಿ ನಡೆಯಿತು. ನಾನು ಲ್ಯಾಪ್‌ಟಾಪು, ಪ್ರೊಜೆಕ್ಟರು ತಗೊಂಡು ಹೋಗಿದ್ದೆ. ಗ್ರಾನೈಟ್ ಅಂಚಿನ ಫುಟ್‌ಪಾತ್, ಸಾಲಾಗಿ ಅಲಂಕಾರದ ದೀಪದ ಕಂಬ, ಬೀದಿಯ ತುದಿಗೆ ಒಂದು ಕಮಾನು. ಚಿತ್ರ ಚೆನ್ನಾಗಿಯೇ ಇತ್ತು. ಜನ ಖುಷಿ ಪಡುತ್ತಾರೆ ಅಂದುಕೊಂಡಿದ್ದೆ. ಹತ್ತೇ ನಿಮಿಷಕ್ಕೆ ಗಲಾಟೆ ಶುರುವಾಯಿತು.

ಮೊದಲು ಎದ್ದವರು ಪೇಟೆಯವರೇ ಅಲ್ಲ. ಪಕ್ಕದ ಬಡಾವಣೆಯಿಂದ ಬಂದಿದ್ದ ನಿವೃತ್ತ ಮೇಷ್ಟ್ರು. "ನಮ್ಮಲ್ಲಿ ಇನ್ನೂ ಒಳಚರಂಡಿನೇ ಇಲ್ಲ. ನಾವೂ ಕಂದಾಯ ಕಟ್ಟೋರೇ ಅಲ್ವಾ? ದುಡ್ಡೆಲ್ಲಾ ಪೇಟೆಗೇ ಯಾಕೆ?" ಅಂದರು. ಪೇಟೆಯವರಲ್ಲೂ ಎರಡು ಪಾಲಾಯಿತು. ಮೇಲಿನ ತುದಿಯ ದೊಡ್ಡ ಅಂಗಡಿಯವರಿಗೆ ಕಮಾನು, ಕಂಬ ಬೇಕು, ಗಿರಾಕಿ ಬರುತ್ತಾರೆ ಅಂತ. ಕೆಳಗಿನ ತುದಿಯವರಿಗೆ ಬೇಕಾಗಿದ್ದು ಒಂದೇ, ಮಳೆ ನೀರು ಅಂಗಡಿಗೆ ನುಗ್ಗಬಾರದು.

ಮೇಷ್ಟ್ರಿಗೆ ನಾನು ನಿಯಮ ಹೇಳಿದೆ. ಯೋಜನೆ ಶುರುವಾಗಿದ್ದು 2015ರ ಜೂನ್ 25ರಂದು. ಕೇಂದ್ರದ ಪಾಲು 48,000 ಕೋಟಿ ರೂಪಾಯಿ, ಊರುಗಳು 100. ಒಂದು ಊರಿಗೆ ಹೆಚ್ಚುಕಡಿಮೆ 500 ಕೋಟಿ. ಅಷ್ಟೇ ದುಡ್ಡನ್ನು ರಾಜ್ಯ ಸರ್ಕಾರ, ಪಾಲಿಕೆ ಸೇರಿ ಹಾಕಬೇಕು. ಇದರಲ್ಲಿ ಬಹುಪಾಲು ಹೋಗುವುದು ಆಯ್ಕೆಯಾದ ಒಂದು ಪ್ರದೇಶಕ್ಕೆ. ಹಳೇ ಊರಿನ ಭಾಗವನ್ನು ಸುಧಾರಿಸುವುದಾದರೆ ಆ ಪ್ರದೇಶ 500 ಎಕರೆಗೂ ಜಾಸ್ತಿ ಇರಬೇಕು. ಕೆಲಸ ಮಾಡಿಸುವುದು ರಾಜ್ಯ ಮತ್ತು ಪಾಲಿಕೆಯ ಅರ್ಧರ್ಧ ಪಾಲಿನ ಒಂದು ಕಂಪನಿ. ನಿಮ್ಮ ಬಡಾವಣೆ ಗೆರೆಯ ಆಚೆ ಇದೆ, ಅಷ್ಟೇ. ಹೀಗೆ ಹೇಳಿ ಕೂತೆ.

ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಆದರೆ ಅವರ ಪ್ರಶ್ನೆಯ ಒಳಗಿದ್ದದ್ದು ಆ ಗೆರೆ ಯಾರು ಎಳೆದರು, ಯಾವಾಗ ಎಳೆದರು ಅಂತ. ಅದಕ್ಕೆ ನಾನು ಉತ್ತರ ಕೊಡಲೇ ಇಲ್ಲ. ಊರನ್ನು ಆಯ್ಕೆ ಮಾಡುವ ಮೊದಲೇ, ಪ್ರಸ್ತಾವನೆ ಬರೆಯುವಾಗಲೇ ಗೆರೆ ಬಿದ್ದಿರುತ್ತಿತ್ತು. ದುಡ್ಡಿನ ದೊಡ್ಡ ತೀರ್ಮಾನ ಆಗುತ್ತಿದ್ದದ್ದು ಅಲ್ಲೇ. ಕಂಬ ಬೇಕೋ ಚರಂಡಿ ಬೇಕೋ ಅಂತ ಜನ ಜಗಳ ಆಡುವ ಹೊತ್ತಿಗೆ ಅದು ಮುಗಿದ ಮಾತು.

ಮಾರನೇ ದಿನ ಲೆವೆಲ್, ಅಂದರೆ ರಸ್ತೆಯ ಎತ್ತರ, ನೋಡಲು ಬೀದಿಗೆ ಹೋದೆ. ಕೆಳಗಿನ ತುದಿಯ ಪಾತ್ರೆ ಅಂಗಡಿಯ ಯಜಮಾನರು ಕೈಬೀಸಿ ಕರೆದರು. "ಬಾ ತಮ್ಮಾ, ಇಲ್ಲಿ ಕೂತ್ಕೋ" ಅಂತ ಅಂಗಡಿಯ ಕಲ್ಲಿನ ಹೊಸಿಲ ಮೇಲೆ ಕೂರಿಸಿದರು. ನನ್ನ ಕಾಲು ಹೆಚ್ಚುಕಡಿಮೆ ರಸ್ತೆಗೆ ತಾಗುತ್ತಿತ್ತು. "ನಮ್ಮಪ್ಪ ಅಂಗಡಿ ಇಟ್ಟಾಗ ಇಲ್ಲಿ ಹತ್ತೋಕೆ ಮೂರು ಮೆಟ್ಟಿಲಿತ್ತು. ಎರಡು ಟಾರಿನ ಕೆಳಗೆ ಹೋದ್ವು" ಅಂದರು. ಉಳಿದಿದ್ದ ಒಂದು ಮೆಟ್ಟಿಲೂ ಅರ್ಧ ಹೂತಿತ್ತು. ಪ್ರತಿ ಸಲ ರಸ್ತೆ ಮಾಡಿದಾಗಲೂ ಹಳೇ ಟಾರು ಕೆರೆಯದೆ ಮೇಲೆ ಹೊಸ ಪದರ ಹಾಕಿದ್ದರು. ಒಳಗಿನ ಗೋಡೆಯಲ್ಲಿ ನೀರು ನಿಂತ ಗುರುತು ನನ್ನ ಮೊಣಕಾಲಿನ ಎತ್ತರಕ್ಕಿತ್ತು. ಕೆಳಗಿನ ಎರಡು ಹಲಗೆಯಲ್ಲಿ ಅವರು ಸ್ಟೀಲ್ ಪಾತ್ರೆ ಮಾತ್ರ ಇಡುತ್ತಿದ್ದರು. ರಟ್ಟಿನ ಡಬ್ಬಿಯಲ್ಲಿ ಬರುವ ಮಿಕ್ಸಿ, ಕುಕ್ಕರ್ ಎಲ್ಲಾ ಮೇಲೆ.

"ನಿನ್ನ ಚಿತ್ರದಲ್ಲಿ ಈ ರಸ್ತೆ ಇನ್ನೆಷ್ಟು ಮೇಲೆ ಬರುತ್ತೆ?" ಅಂತ ಕೇಳಿದರು.

ಲೆಕ್ಕ ಹಾಕಿದೆ. ಕಾಂಕ್ರೀಟು, ಅದರ ಕೆಳಗಿನ ಪದರ ಎಲ್ಲಾ ಸೇರಿ ಒಂಬತ್ತು ಇಂಚು. ನಮ್ಮ ಅಂದಾಜು ಪಟ್ಟಿಯಲ್ಲಿ ಹಳೇ ರಸ್ತೆ ಅಗೆದು ಲೆವೆಲ್ ಇಳಿಸುವ ಬಾಬ್ತೇ ಇರಲಿಲ್ಲ. ಆ ಪಟ್ಟಿ ಬರೆದವನು ನಾನು. ಹಿಂದಿನ ಕಾಮಗಾರಿಯ ಪಟ್ಟಿಯನ್ನೇ ತೆಗೆದುಕೊಂಡು ಎಸ್‌ಆರ್ ದರ, ಅಂದರೆ ಸರ್ಕಾರದ ದರಪಟ್ಟಿಯ ದರ, ಬದಲಿಸಿ ತುಂಬಿದ್ದೆ. ಹಾಗೇ ಟೆಂಡರ್ ಆಗಿದ್ದರೆ ಅವರ ಹೊಸಿಲು ರಸ್ತೆಗಿಂತ ಕೆಳಗೆ ಇರುತ್ತಿತ್ತು. ಆ ಸಂಜೆ ನನಗೆ ಊಟ ಸೇರಲಿಲ್ಲ.

ಸದ್ಯ ಟೆಂಡರ್ ಕರೆದಿರಲಿಲ್ಲ. ಕರೆದ ಮೇಲೆ ಬಾಬ್ತು ಬದಲಿಸುವುದು ಎಷ್ಟು ಕಷ್ಟ ಅಂತ ಈ ಕೆಲಸದಲ್ಲಿ ಇರುವವರಿಗೆಲ್ಲಾ ಗೊತ್ತು. ನಮ್ಮ ಮೇಲಿನವರಿಗೆ ಹೇಳಿದೆ. ಇನ್ನೊಂದು ಸಭೆ ಕರೆಯಲು ಒಪ್ಪಿಸಲು ಮೂರು ವಾರ ಹಿಡಿಯಿತು.

ಈ ಸಲ ಪ್ರೊಜೆಕ್ಟರ್ ಒಯ್ಯಲಿಲ್ಲ. ಇಂಗ್ಲಿಷಿನ ಅಂದಾಜು ಪಟ್ಟಿಯನ್ನು ಕನ್ನಡದಲ್ಲಿ ಒಂದೇ ಹಾಳೆಗೆ ಇಳಿಸಿದೆ. ಚರಂಡಿಗೆ ಇಷ್ಟು, ದೀಪದ ಕಂಬಕ್ಕೆ ಇಷ್ಟು, ಗ್ರಾನೈಟಿಗೆ ಇಷ್ಟು, ಕಮಾನಿಗೆ ಇಷ್ಟು. ಕೆಳಗೆ ಒಂದು ಸಾಲು: ರಸ್ತೆ ಅಗೆದು ಕೆಳಗಿಳಿಸಲು ಇಷ್ಟು ಬೇಕು, ಅದನ್ನು ಇದರೊಳಗೇ ಹೊಂದಿಸಬೇಕು. ಆ ದಿನವೂ ಜಗಳ ಆಯಿತು, ಆದರೆ ಜಗಳದ ದಾರಿಯೇ ಬೇರೆ. ಹಾಳೆ ಹಿಡಿದುಕೊಂಡು ಜನ ಲೆಕ್ಕ ಹಾಕತೊಡಗಿದರು. "ಕಂಬ ಇಷ್ಟು ಹತ್ತಿರ ಹತ್ತಿರ ಯಾಕೆ, ಒಂದು ಬಿಟ್ಟು ಒಂದು ಹಾಕಿ" ಅಂದಿದ್ದು ಬಂಗಾರದಂಗಡಿಯವರೇ. ಕಮಾನು ಬೇಕೇ ಬೇಕು ಅಂತಿದ್ದವರು ಅದನ್ನು ವರ್ತಕರೇ ಚಂದಾ ಎತ್ತಿ ಆಮೇಲೆ ಕಟ್ಟಿಸೋಣ ಅಂದರು. ಎಲ್ಲರೂ ಒಪ್ಪಿದರು ಅಂತ ಹೇಳಲಾರೆ. ಇಬ್ಬರು ಅರ್ಧಕ್ಕೇ ಎದ್ದು ಹೋದರು. ಆದರೂ ಕೆಳಗಿನ ತುದಿಯ ಲೆವೆಲ್ ಇಳಿಸಲು ದುಡ್ಡು ಹೊಂದಿತು.

ಒಂದು ತಪ್ಪು ಆಗಲೂ ತಿದ್ದಲಿಲ್ಲ. ಹೂವು, ಬಳೆ ಮಾರುವವರನ್ನು ಎರಡೂ ಸಭೆಗೆ ಯಾರೂ ಕರೆದಿರಲಿಲ್ಲ, ನಾನೂ ಕರೆಯಲಿಲ್ಲ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕಡಿಮೆ ಅಂದರೂ ಶೇಕಡಾ 40 ಜನ ವ್ಯಾಪಾರಿಗಳೇ ಇರಬೇಕು. ಬೀದಿ ಬದಿ ವ್ಯಾಪಾರಿಗಳ ಸಮೀಕ್ಷೆ ಮುಗಿಯುವ ತನಕ ಅವರನ್ನು ಎಬ್ಬಿಸುವ ಹಾಗಿಲ್ಲ. ಕೆಲಸ ಶುರುವಾದಾಗ ಅವರು ತಾವಾಗಿಯೇ ಸಂದಿಗೆ ಸರಿದರು, ಮುಗಿದ ಮೇಲೆ ಕೆಲವರಿಗೆ ಹಳೇ ಜಾಗ ಸಿಗಲಿಲ್ಲ. ನಿಂಬೆಹಣ್ಣು ಮಾರುತ್ತಿದ್ದ ಅಕ್ಕ ಈಗ ಬಸ್ ಸ್ಟ್ಯಾಂಡ್ ಹತ್ತಿರ ಕೂರುತ್ತಾರೆ. ಅಲ್ಲಿ ವ್ಯಾಪಾರ ಕಡಿಮೆ ಅಂತ ಅವರೇ ಹೇಳಿದರು. ಈ ಬೇಸರ ನನ್ನಲ್ಲಿ ಉಳಿದೇ ಇದೆ.

ಮೊದಲ ಜೋರು ಮಳೆಗೆ ಪಾತ್ರೆ ಅಂಗಡಿಯಿಂದ ಫೋನ್ ಬಂತು. ಒಳಗೆ ನೀರು ಬಂದಿರಲಿಲ್ಲ. "ಆದ್ರೆ ತಮ್ಮಾ, ಮೇಷ್ಟ್ರ ಬಡಾವಣೆ ಕಡೆ ಹೋಗಿ ನೋಡು" ಅಂದರು. ಹೋಗಿ ನೋಡಿದೆ. ನಮ್ಮ ಹೊಸ ಚರಂಡಿ ಯೋಜನೆಯ ಗೆರೆ ಮುಗಿಯುವಲ್ಲಿ ಮುಗಿಯುತ್ತದೆ. ಅಲ್ಲಿಂದ ಮುಂದೆ ಇರುವುದು ಎರಡು ಅಡಿ ಅಗಲದ ಹಳೇ ಚರಂಡಿ. ಪೇಟೆಯ ನೀರೆಲ್ಲಾ ಈಗ ಜೋರಾಗಿ ಬಂದು ಅಲ್ಲಿ ಉಕ್ಕುತ್ತಿತ್ತು. ಮೇಷ್ಟ್ರ ಮನೆಯ ಬೀದಿ ತುಂಬಾ ಕೆಸರು. ಸಭೆಯಲ್ಲಿ ಅವರು ಕೇಳಿದ್ದನ್ನು ನಾನು ಬರೀ ಕಂದಾಯದ ವಿಷಯ ಅಂದುಕೊಂಡಿದ್ದೆ. ನೀರು ಎತ್ತ ಹರಿಯುತ್ತದೆ ಅಂತ ಆವತ್ತೇ ಅವರನ್ನು ಕೇಳಿದ್ದರೆ ಹೇಳುತ್ತಿದ್ದರು.

ಈಗ ನಾನು ಬೇರೆ ಊರಿನಲ್ಲಿ ಇದೇ ಥರದ ಕೆಲಸದಲ್ಲಿದ್ದೇನೆ. ಅಂದಾಜು ಪಟ್ಟಿಯನ್ನು ಕನ್ನಡದಲ್ಲಿ ಮಾಡಿ ಮೊದಲು ಬೀದಿಗೆ ಒಯ್ಯುತ್ತೇನೆ, ಚಿತ್ರ ಆಮೇಲೆ. ನಕ್ಷೆಯಲ್ಲಿ ಯೋಜನೆಯ ಗೆರೆಯ ಜೊತೆಗೆ ನೀರು ಹರಿಯುವ ದಾರಿಯನ್ನೂ ಬೇರೆ ಬಣ್ಣದಲ್ಲಿ ಎಳೆಯುತ್ತೇನೆ, ಗೆರೆ ದಾಟಿ ರಾಜಕಾಲುವೆ ಸೇರುವ ತನಕ.

ಸ್ಮಾರ್ಟ್ ಸಿಟಿ ಯೋಜನೆ 2025ರ ಮಾರ್ಚ್ 31ಕ್ಕೆ ಮುಗಿಯಿತು. ಮೇಷ್ಟ್ರ ಬೀದಿಯ ಆ 200 ಮೀಟರ್ ಚರಂಡಿಗೆ ಇನ್ನು ಪಾಲಿಕೆಯ ಸ್ವಂತ ದುಡ್ಡು ಬರಬೇಕು, ಇಲ್ಲವೇ ರಾಜ್ಯ ಸರ್ಕಾರದ ನಗರೋತ್ಥಾನದಂಥ ಬೇರೆ ಯೋಜನೆಯ ದುಡ್ಡು. ಅಂದಾಜು ಪಟ್ಟಿ ಮಾಡಿಕೊಟ್ಟಿದ್ದೇನೆ, ಒಂದೇ ಹಾಳೆ, ಕನ್ನಡದಲ್ಲಿ. ಮೇಷ್ಟ್ರು ಅದರ ಜೆರಾಕ್ಸ್ ತೆಗೆಸಿ ಬೀದಿಯ ಪ್ರತಿ ಮನೆಗೂ ಹಂಚಿದ್ದಾರೆ.