ಆಟಗಾರ ಆಗಿದ್ದವರಿಗೆ ಟಿವಿ ಕೆಲಸ ಸುಲಭ ಅಲ್ವಾ?

ನಾನು ನಿದ್ದೆಗೆಟ್ಟು ಫುಟ್‌ಬಾಲ್ ನೋಡುವುದು ಗೊತ್ತಿರುವವರೆಲ್ಲ ಕೇಳುವ ಪ್ರಶ್ನೆ ಇದು. "ದೊಡ್ಡ ಆಟಗಾರ ಆಗಿದ್ದರೆ ಸಾಕು, ಟಿವಿಯವರೇ ಕರೆದು ಕೂರಿಸ್ತಾರೆ. ಸುಮ್ನೆ ಮಾತಾಡಿದರಾಯ್ತು, ಅಲ್ವಾ?"

ಕರೆಯುವುದು ನಿಜ. ಆದರೆ ಸುಮ್ನೆ ಮಾತಾಡುವವರನ್ನು 26 ವರ್ಷ ಯಾರೂ ಇಟ್ಟುಕೊಳ್ಳುವುದಿಲ್ಲ. ನಾನು ಗ್ಯಾರಿ ಲಿನೇಕರ್ ಕಥೆ ಹೇಳುತ್ತೇನೆ. ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರ, ಆಮೇಲೆ ಟಿವಿ ನಿರೂಪಕ.

ಇಂಗ್ಲೆಂಡಿನ ಲೆಸ್ಟರ್ ಊರಿನ ಮಾರ್ಕೆಟ್ಟಿನಲ್ಲಿ ಹಣ್ಣು, ತರಕಾರಿ ಮಾರುತ್ತಿದ್ದ ಮನೆತನದ ಹುಡುಗ. 1986ರ ವಿಶ್ವಕಪ್‌ನಲ್ಲಿ ಕೈಗೆ ಪಟ್ಟಿ ಕಟ್ಟಿಕೊಂಡೇ 6 ಗೋಲು ಹೊಡೆದರು. ಆ ಸಲ ಅಷ್ಟು ಗೋಲು ಬೇರೆ ಯಾರೂ ಹೊಡೆಯಲಿಲ್ಲ. ಇಂಗ್ಲೆಂಡ್ ಪರ 80 ಪಂದ್ಯ, 48 ಗೋಲು. ಆಡಿದಷ್ಟು ದಿನವೂ ಒಂದು ಹಳದಿ ಕಾರ್ಡ್ (ತಪ್ಪು ಆಟಕ್ಕೆ ರೆಫರಿ ಕೊಡುವ ಎಚ್ಚರಿಕೆ) ಕಂಡವರಲ್ಲ.

ಈ ಲೆಕ್ಕಕ್ಕಿಂತ ನನಗೆ ದೊಡ್ಡದು 1990ರ ವಿಶ್ವಕಪ್ ಸೆಮಿಫೈನಲ್‌ನ ಒಂದು ಗಳಿಗೆ. ಟ್ಯೂರಿನ್‌ನಲ್ಲಿ ಪಶ್ಚಿಮ ಜರ್ಮನಿ ಎದುರು ಪಂದ್ಯ. ಹೆಚ್ಚುವರಿ ಸಮಯ ನಡೆಯುತ್ತಿದೆ. ಜೊತೆ ಆಟಗಾರ ಪಾಲ್ ಗ್ಯಾಸ್ಕಾಯ್ನ್‌ಗೆ ಆ ವಿಶ್ವಕಪ್‌ನ ಎರಡನೇ ಹಳದಿ ಕಾರ್ಡ್ ಬಿತ್ತು. ತಂಡ ಗೆದ್ದರೂ ಅವರು ಫೈನಲ್ ಆಡುವಂತಿಲ್ಲ. ತುಟಿ ನಡುಗಿತು, ಕಣ್ಣು ತುಂಬಿತು. ಲಿನೇಕರ್ ತಕ್ಷಣ ಕೋಚ್ ಬಾಬಿ ರಾಬ್ಸನ್ ಕಡೆ ತಿರುಗಿ, ಅವನ ಹತ್ತಿರ ಸ್ವಲ್ಪ ಮಾತಾಡಿ ಅಂತ ಸನ್ನೆ ಮಾಡಿದರು. ಎಲ್ಲರ ಕಣ್ಣು ಚೆಂಡಿನ ಮೇಲೆ, ಇವರ ಕಣ್ಣು ಜೊತೆಗಾರನ ಮುಖದ ಮೇಲೆ. ಟಿವಿಗೆ ಬೇಕಾಗಿದ್ದು ಆ ಕಣ್ಣೇ ಅಂತ ನನಗೆ ಅನಿಸುತ್ತದೆ.

ದೊಡ್ಡ ಕುರ್ಚಿ ಅವರಿಗೂ ಮೊದಲ ದಿನವೇ ಸಿಗಲಿಲ್ಲ. 1994ರಲ್ಲಿ ಜಪಾನಿನಲ್ಲಿ ಆಟ ಮುಗಿಸಿದರು. ಆಮೇಲೆ ರೇಡಿಯೊ, ಬೇರೆ ಬೇರೆ ಕಾರ್ಯಕ್ರಮ. 1964ರಿಂದ ನಡೆದುಬಂದಿದ್ದ ಬಿಬಿಸಿಯ ಫುಟ್‌ಬಾಲ್ ಕಾರ್ಯಕ್ರಮ 'ಮ್ಯಾಚ್ ಆಫ್ ದಿ ಡೇ' ಕೈಗೆ ಬಂದದ್ದು 1999ರಲ್ಲಿ. ಅಲ್ಲಿ ನಿರೂಪಕರ ಕೆಲಸ ಎಂದರೆ ತನಗೆ ಉತ್ತರ ಗೊತ್ತಿರುವ ಪ್ರಶ್ನೆಯನ್ನೇ ಕೇಳಿ, ಪಕ್ಕದಲ್ಲಿರುವವರ ಮಾತಿಗೆ ಜಾಗ ಬಿಡುವುದು. 48 ಗೋಲು ಹೊಡೆದವರು, ಗೋಲು ಹೇಗಾಯಿತು ಅಂತ ಪಕ್ಕದಲ್ಲಿ ಕೂತ ಮಾಜಿ ಆಟಗಾರ ಅಲನ್ ಶಿಯರರ್ ಅವರನ್ನು ಕೇಳಿ ಸುಮ್ಮನಾಗುವುದು ಸಣ್ಣ ಮಾತಲ್ಲ.

2023ರ ಮಾರ್ಚ್‌ನಲ್ಲಿ, ಬ್ರಿಟನ್ ಸರ್ಕಾರದ ವಲಸೆ ನೀತಿಯನ್ನು ಟ್ವಿಟರ್‌ನಲ್ಲಿ ಟೀಕಿಸಿದ್ದಕ್ಕೆ ಬಿಬಿಸಿ ಅವರನ್ನು ಕೆಲವು ದಿನ ದೂರ ಇಟ್ಟಿತು. ಕಾರ್ಯಕ್ರಮದಲ್ಲಿ ಜೊತೆಗೆ ಕೂರುತ್ತಿದ್ದ ಶಿಯರರ್, ಇಯಾನ್ ರೈಟ್ ಕೂಡ ನಾವೂ ಬರಲ್ಲ ಅಂದರು. ಆ ಶನಿವಾರ ಕಾರ್ಯಕ್ರಮ ಮುಗಿದದ್ದು ಸುಮಾರು 20 ನಿಮಿಷಕ್ಕೆ. ನಿರೂಪಕರಿಲ್ಲ, ಕಾಮೆಂಟರಿ ಇಲ್ಲ, ಬರೀ ಸ್ಟೇಡಿಯಂ ಗದ್ದಲ. 2025ರ ಮೇನಲ್ಲಿ ಲಿನೇಕರ್ ಆ ಕುರ್ಚಿ ಬಿಟ್ಟರು. ಸುಲಭ ಅನ್ನುವವರಿಗೆ ನಾನು ಆ 20 ನಿಮಿಷದ ಕಥೆಯನ್ನೇ ಹೇಳುತ್ತೇನೆ.